ಖರ್ಚಿನ ಲೆಕ್ಕ ಇದೆ, ಕೆಲಸದ ಲೆಕ್ಕ ಎಲ್ಲಿ?

ಬಾಗಲಕೋಟೆ ಜಿಲ್ಲೆಯ ಯಾವ ಒಕ್ಕಲುತನದ ಮನೆಗೆ ಹೋದರೂ ಒಂದು ಕಿರ್ದಿ ವಹಿ ಇದ್ದೇ ಇರುತ್ತದೆ. ಕೆಂಪು ರಟ್ಟಿನದು. ದೀಪಾವಳಿ ಪಾಡ್ಯಕ್ಕೆ ಕುಂಕುಮ ಹಚ್ಚಿ ಶುರು ಮಾಡಿದ್ದು. ಕಬ್ಬಿನ ಬಿಲ್ಲು, ಗೊಬ್ಬರದ ಬಾಕಿ, ಆಳಿನ ಪಗಾರ, ಸೊಸೈಟಿ ಸಾಲದ ಕಂತು, ಮದುವೆಯ ಮುಯ್ಯಿ ಎಲ್ಲವೂ ಅದರಲ್ಲಿ ಸಿಗುತ್ತದೆ. ಟ್ರ್ಯಾಕ್ಟರಿನ ಪುಟ ತೆಗೆದರೆ ಮಾತ್ರ ಹೀಗಿರುತ್ತದೆ: ‘ಟ್ರ್ಯಾಕ್ಟರ್ ರಿಪೇರಿ, 4,800.’ ಕೆಳಗೆ ‘ಆಯಿಲ್, 3,200.’ ಅದರ ಕೆಳಗೆ ‘ಗ್ಯಾರೇಜಿನವರಿಗೆ ಕೊಟ್ಟಿದ್ದು, 1,500, ಬಾಕಿ 700.’

ಯಾವ ರಿಪೇರಿ? ಕ್ಲಚ್ ಪ್ಲೇಟೋ, ವಾಟರ್ ಪಂಪೋ? ಆವಾಗ ಮೀಟರ್ ಎಷ್ಟಿತ್ತು? ಹಾಕಿದ್ದು ಕಂಪನಿ ಸಾಮಾನೋ, ಲೋಕಲ್ಲೋ? ವಹಿ ಏನೂ ಹೇಳುವುದಿಲ್ಲ. ತಪ್ಪು ವಹಿಯದಲ್ಲ ಬಿಡಿ. ಕಿರ್ದಿ ಇರುವುದೇ ದುಡ್ಡಿನ ಸಲುವಾಗಿ. ದುಡ್ಡು ಯಾರಿಗೆ ಹೋಯಿತು, ಯಾರಿಂದ ಬರಬೇಕು ಅಂತ ಹೇಳಿದರೆ ಅದರ ಕೆಲಸ ಮುಗಿಯಿತು. ಆದರೆ ನಾವು ಗಾಡಿಯ ಲೆಕ್ಕವನ್ನೂ ಅದೇ ಅಚ್ಚಿನಲ್ಲಿ ಹಾಕಿಬಿಟ್ಟಿದ್ದೇವೆ. ಗಾಡಿಗೆ ಎಷ್ಟು ಸುರಿದೆವು ಅಂತ ಎಲ್ಲರಿಗೂ ಗೊತ್ತು. ಗಾಡಿಗೆ ಏನು ಮಾಡಿಸಿದೆವು ಅಂತ ಕೇಳಿದರೆ ಮನೆಯ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಾಗಾದರೆ ಕೆಲಸದ ಲೆಕ್ಕ ಎಲ್ಲಿದೆ? ಮಿಸ್ತ್ರಿಯ ತಲೆಯಲ್ಲಿ.

ಇದು ತಮಾಷೆಯ ಮಾತಲ್ಲ. ಗದ್ದನಕೇರಿ ಕ್ರಾಸಿನ ಕಡೆ ನಾನು ಹೋಗುವ ಒಂದು ಗ್ಯಾರೇಜ್ ಇದೆ. ತಗಡಿನ ಶೆಡ್ಡು, ಬೇವಿನ ಗಿಡ, ಗಿಡಕ್ಕೆ ಆನಿಸಿಟ್ಟ ಹಳೆ ಟಯರು. ಅಲ್ಲಿಯ ಮಿಸ್ತ್ರಿ ಗಾಡಿಯ ನಂಬರ್ ನೋಡುವುದಿಲ್ಲ, ಗೇಟಿನ ಹೊರಗೆ ಸದ್ದು ಕೇಳಿಯೇ ಯಾರ ಗಾಡಿ ಅಂತ ಹೇಳುತ್ತಾರೆ. ಬಾನೆಟ್ ಎತ್ತುವ ಮೊದಲೇ, ‘ಸರ, ನಿಮ್ಮ ಗಾಡಿದು ಎಡಗಡೆ ಮುಂದಿನ ಬೇರಿಂಗ್ ನಾನ ಹಾಕೇನ್ರಿ, ಅದಕ್ಕೇನೂ ಆಗಿಲ್ಲ. ಸದ್ದು ಬಲಗಡೀದರಿ’ ಅಂದುಬಿಡುತ್ತಾರೆ. ಆ ಮಾತಿನಿಂದ ನನಗೆ ಒಂದು ಬೇರಿಂಗಿನ ದುಡ್ಡು ಉಳಿಯಿತು. ಆದರೆ ಅದೇ ಹೊತ್ತಿಗೆ ಒಂದು ಯೋಚನೆಯೂ ಬಂತು. ನನ್ನ ಗಾಡಿಯ ಇತಿಹಾಸ ನನಗಿಂತ ಅವರಿಗೆ ಜಾಸ್ತಿ ಗೊತ್ತು. ಅವರು ಶೆಡ್ಡು ಮುಚ್ಚಿ ಮಗನ ಹತ್ತಿರ ಪುಣೆಗೆ ಹೋದರೆ ಆ ಇತಿಹಾಸವೂ ಅವರ ಜೊತೆ ಬಸ್ಸು ಹತ್ತುತ್ತದೆ.

ನಮ್ಮ ಕಡೆ ಹೀಗೆ ಆಗುತ್ತಲೇ ಇರುತ್ತದೆ. ಒಳ್ಳೆ ಕೈಗುಣದ ಹುಡುಗ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುತ್ತಾನೆ. ಹೊಸ ಮಿಸ್ತ್ರಿಗೆ ಗಾಡಿ ಹೊಸದು. ಅವರು ಕೇಳುತ್ತಾರೆ, ‘ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸೀರಿ?’ ನಾವು ಆಕಾಶ ನೋಡುತ್ತೇವೆ. ‘ಹಾಕಿಸಿರಬೇಕ್ರಿ... ಎರಡ ವರ್ಷ ಆಗಿರಬೇಕು.’ ಆಗ ಮಿಸ್ತ್ರಿ ಏನು ಮಾಡಬೇಕು? ಯಾವುದಕ್ಕೂ ಇರಲಿ ಅಂತ ಹೊಸದು ಹಾಕುತ್ತಾರೆ. ಅದು ಮೋಸವಲ್ಲ, ಜಾಣತನ. ಆ ಬೆಲ್ಟ್ ತುಂಡಾದರೆ ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಇಂಜಿನ್ನೇ ಬಿಚ್ಚಬೇಕಾಗುತ್ತದೆ. ಗೊತ್ತಿಲ್ಲ ಅನ್ನುವ ಒಂದು ಮಾತಿಗೆ ನಾವು ಕೊಡುವ ಬೆಲೆ ಅದು.

ಇನ್ನೊಂದು ವಿಷಯ. ಊರ ಕಡೆ ಒಂದು ಗಾಡಿ ಒಬ್ಬರದಾಗಿ ಇರುವುದಿಲ್ಲ. ಲೋಕಾಪುರ-ಮುಧೋಳ ರಸ್ತೆಯ ಮಗ್ಗುಲಲ್ಲಿ ನಮ್ಮ ಹೊಲ. ಅಲ್ಲಿಯ ಟ್ರ್ಯಾಕ್ಟರನ್ನು ಅಣ್ಣ ಹೊಡೆಯುತ್ತಾನೆ, ಸೀಜನ್ನಿನಲ್ಲಿ ಡ್ರೈವರ್ ಹುಡುಗ ಹೊಡೆಯುತ್ತಾನೆ, ಕಾಲೇಜು ರಜೆ ಬಿಟ್ಟಾಗ ಅಣ್ಣನ ಮಗ ಹೊಡೆಯುತ್ತಾನೆ. ಆಯಿಲ್ ಕಡಿಮೆಯಾಗಿದ್ದು ಕಂಡವನು ಒಬ್ಬ, ಹಾಕಿಸಿದವನು ಮತ್ತೊಬ್ಬ, ದುಡ್ಡು ಕೊಟ್ಟವನು ಇನ್ನೊಬ್ಬ. ಹೀಗಿರುವಾಗ ಲೆಕ್ಕ ನನ್ನ ಫೋನಿನಲ್ಲಿದ್ದರೆ ಏನು ಉಪಯೋಗ? ನಾನು ಬಾಗಲಕೋಟೆಯ ನವನಗರದಲ್ಲಿ ಕೂತಿರುತ್ತೇನೆ, ಟ್ರ್ಯಾಕ್ಟರ್ ಮಾತ್ರ ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿಗೆ ನಿಂತಿರುತ್ತದೆ. ಲೆಕ್ಕ ಮಾಲೀಕನ ಹತ್ತಿರ ಅಲ್ಲ, ಗಾಡಿಯ ಹತ್ತಿರ ಇರಬೇಕು.

ಇದಕ್ಕೆ ಮಾದರಿ ಮನೆಯಲ್ಲೇ ಇದೆ. ತಾಯಿ ಕಾರ್ಡ್ ನೋಡಿ. ಕೂಸಿಗೆ ಯಾವ ಲಸಿಕೆ ಯಾವತ್ತು ಹಾಕಿಸಿದರು, ಮುಂದಿನದು ಯಾವಾಗ ಅಂತ ಬರೆದಿರುತ್ತದೆ. ಅಜ್ಜಿ ಕರೆದುಕೊಂಡು ಹೋಗಲಿ, ಚಿಕ್ಕಮ್ಮ ಹೋಗಲಿ, ಕಾರ್ಡ್ ಕೂಸಿನ ಜೊತೆ ಹೋಗುತ್ತದೆ. ಎಎನ್‌ಎಂ ಅಕ್ಕ, ಅಂದರೆ ಲಸಿಕೆ ಹಾಕುವ ನರ್ಸ್, ಬದಲಾದರೂ ನಡೆಯುತ್ತದೆ. ಆಗಿದ್ದು ಮತ್ತು ಆಗಬೇಕಾದ್ದು ಎರಡೂ ಒಂದೇ ಹಾಳೆಯಲ್ಲಿ. ಟ್ರ್ಯಾಕ್ಟರಿಗೆ ಇಷ್ಟೇ ಬೇಕಾಗಿರುವುದು.

ಈಗ ಬರೆಯುವುದು ಏನನ್ನು? ಸುಮಾರು ಜನ ತಾರೀಖು ಬರೆಯುತ್ತಾರೆ. ತಾರೀಖು ಬೇಕು, ಆದರೆ ಅದಕ್ಕಿಂತ ಮೊದಲು ಮೀಟರ್ ಬರೆಯಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕಾರು-ಬೈಕಿಗೆ ಕಿಲೋಮೀಟರ್, ಟ್ರ್ಯಾಕ್ಟರಿಗೆ ಗಂಟೆ.

ಟ್ರ್ಯಾಕ್ಟರಿನ ಗಂಟೆ ಮೀಟರ್ ಬಹಳ ಮಜಾ ಇರುವ ಸಾಮಾನು. ಹಳೆ ಟ್ರ್ಯಾಕ್ಟರ್‌ಗಳಲ್ಲಿ ಅದು ಕೇಬಲ್ ಮೇಲೆ ಓಡುತ್ತದೆ. ಗಡಿಯಾರದ ಗಂಟೆಯನ್ನಲ್ಲ, ಇಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆ. ಗೊತ್ತಾದ ಒಂದು ವೇಗದಲ್ಲಿ ಇಂಜಿನ್ ತಿರುಗಿದರೆ ಮೀಟರಿನ ಒಂದು ಗಂಟೆಯೂ ಗಡಿಯಾರದ ಒಂದು ಗಂಟೆಯೂ ಸಮ. ಯಾರ್ಡಿನಲ್ಲಿ ಸುಮ್ನೆ ಗುರ್ ಅಂತ ನಿಂತಿದ್ದರೆ ಮೀಟರ್ ನಿಧಾನ ಓಡುತ್ತದೆ. ರೋಟಾವೇಟರ್ ಹಾಕಿ ಎಕ್ಸಿಲೇಟರ್ ಏರಿಸಿದರೆ ಜೋರು ಓಡುತ್ತದೆ. ಅಂದರೆ ಇಂಜಿನ್ ನಿಜಕ್ಕೂ ಎಷ್ಟು ದುಡಿದಿದೆ ಅನ್ನುವುದಕ್ಕೆ ತಾರೀಖಿಗಿಂತ ಅದು ಹತ್ತಿರ.

ಇದರ ಮಹತ್ವ ಗೊತ್ತಾಗುವುದು ಕಬ್ಬಿನ ಹಂಗಾಮಿನಲ್ಲಿ. ಎಷ್ಟೋ ಟ್ರ್ಯಾಕ್ಟರ್‌ಗಳಿಗೆ 250 ಗಂಟೆಗೊಮ್ಮೆ ಇಂಜಿನ್ ಆಯಿಲ್ ಬದಲಿಸಬೇಕು ಅಂತ ಪುಸ್ತಕದಲ್ಲಿ ಇರುತ್ತದೆ. ನಿಮ್ಮ ಮಾಡೆಲ್ಲಿನದು ಬೇರೆ ಇರಬಹುದು, ಪುಸ್ತಕ ತೆಗೆದು ನೋಡಿಕೊಳ್ಳಿ. ಮುಂಗಾರಿನಲ್ಲಿ ಹರಗುವುದು, ಬಿತ್ತುವುದು ಅಂತ ವಾರಕ್ಕೆ ಎರಡು ದಿನ ಓಡಿದರೆ ಆ 250 ಗಂಟೆ ತಿಂಗಳುಗಟ್ಟಲೆ ಬರುತ್ತದೆ. ಅದೇ ನವೆಂಬರಿನಲ್ಲಿ ಕಾರ್ಖಾನೆ ಶುರುವಾದ ಮೇಲೆ ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು ದಿನಕ್ಕೆ 12 ಗಂಟೆ ಓಡಿದರೆ 21 ದಿನಕ್ಕೇ 252 ಆಗಿಬಿಡುತ್ತದೆ. ‘ಆಯಿಲ್ ದಸರಾಕ್ಕ ಹಾಕ್ಸೇವಲ್ಲೋ, ಮೊನ್ನೆ ಮೊನ್ನೆ’ ಅಂತ ಅಣ್ಣ ಹೇಳುವುದು ತಾರೀಖಿನ ಲೆಕ್ಕದಲ್ಲಿ ಸರಿ. ಇಂಜಿನ್ನಿನ ಲೆಕ್ಕದಲ್ಲಿ ಆ ಆಯಿಲ್ ಯಾವತ್ತೋ ಸತ್ತುಹೋಗಿದೆ.

ಅದರ ಜೊತೆ ಕರಿ ಮಣ್ಣಿನ ಧೂಳು ಬೇರೆ. ಹೊಲದ ದಾರಿಯಲ್ಲಿ ಮುಂದೆ ಒಂದು ಟ್ರ್ಯಾಕ್ಟರ್ ಹೋಗುತ್ತಿದ್ದರೆ ಹಿಂದಿನವನಿಗೆ ಎತ್ತಿನ ಕೊಂಬು ಕಾಣುವುದಿಲ್ಲ, ಅಷ್ಟು ಧೂಳು. ಆಯಿಲ್ ಬಾತ್ ಏರ್ ಕ್ಲೀನರ್ ಇರುವ ಟ್ರ್ಯಾಕ್ಟರಿನಲ್ಲಿ ಆ ಧೂಳೆಲ್ಲ ಕೆಳಗಿನ ಬಟ್ಟಲಿನ ಎಣ್ಣೆಯಲ್ಲಿ ಕೂರುತ್ತದೆ. ಬಟ್ಟಲನ್ನು ದಿನಾ ನೋಡಬೇಕು. ಇಂತಹ ದಿನದ ಕೆಲಸವನ್ನು ವಹಿಯಲ್ಲಿ ಬರೆಯಲು ಹೋದರೆ ಯಾರೂ ಬರೆಯುವುದಿಲ್ಲ, ಬರೆಯಲೂ ಬಾರದು. ಎಣ್ಣೆ ಬದಲಿಸಿದಾಗ ಮಾತ್ರ ಒಂದು ಸಾಲು ಸಾಕು. ಎಲ್ಲವನ್ನೂ ಬರೆಯುತ್ತೇನೆ ಅಂತ ಹೊರಟ ವಹಿ ಸಂಕ್ರಾಂತಿ ಮುಟ್ಟುವುದಿಲ್ಲ.

‘ನಮ್ಮ ಟ್ರ್ಯಾಕ್ಟರಿನ ಮೀಟರ್ ಕೆಟ್ಟು ಯಾವ ಕಾಲ ಆತೋ’ ಅನ್ನುವವರು ಬಹಳ ಮಂದಿ ಇದ್ದಾರೆ. ಕೇಬಲ್ ಹರಿದಿರುತ್ತದೆ, ಯಾರೂ ಹಾಕಿಸಿರುವುದಿಲ್ಲ. ಹಾಕಿಸುವುದು ಒಳ್ಳೆಯದು. ಹಾಕಿಸುವವರೆಗೆ ಡೀಸೆಲ್ ಬರೆಯಿರಿ. ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತದೆ ಅಂತ ಒಂದೆರಡು ದಿನ ಗಡಿಯಾರ ಹಿಡಿದು ನೋಡಿಕೊಂಡರೆ, ಆಮೇಲೆ ಲೀಟರಿನಿಂದ ಗಂಟೆ ಲೆಕ್ಕ ಹಾಕಬಹುದು. ಗಂಟೆಗೆ 5 ಲೀಟರ್ ಅಂತ ಸಿಕ್ಕಿತು ಅಂದುಕೊಳ್ಳಿ. 1,250 ಲೀಟರ್ ಸುಟ್ಟರೆ 250 ಗಂಟೆ. ಪಂಪಿನ ಉದ್ರಿ ಲೆಕ್ಕ ಹೇಗೂ ಕಿರ್ದಿಯಲ್ಲಿ ಇರುತ್ತದಲ್ವಾ? ದುಡ್ಡಿನ ಪಕ್ಕ ಲೀಟರ್ ಬರೆದರೆ ಆಯಿತು. ಕಿರ್ದಿಯಿಂದ ಗಾಡಿಗೆ ಆಗುವ ದೊಡ್ಡ ಉಪಕಾರ ಇದೊಂದೇ ಇರಬೇಕು.

ಕಾರಿನದು ಉಲ್ಟಾ ಕಥೆ. ನಮ್ಮ ಕಾರು ವಾರದಲ್ಲಿ ಹೆಚ್ಚು ದಿನ ನೆರಳಿನಲ್ಲಿ ನಿಂತಿರುತ್ತದೆ. ಬಾದಾಮಿ ಬನಶಂಕರಿಗೆ ಒಮ್ಮೆ, ಮದುವೆ-ಮುಂಜಿವೆಗೆ ಒಮ್ಮೆ, ಅಷ್ಟೇ. ಇಂತಹ ಗಾಡಿಗೆ ಕಿಲೋಮೀಟರ್ ಮಾತ್ರ ನೋಡಿದರೆ ಕೈ ಕೊಡುತ್ತದೆ. ಸರ್ವಿಸ್ ಪುಸ್ತಕದಲ್ಲಿ ‘10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಅಂತ ಇರುತ್ತದೆ. ಜನ ಅರ್ಧ ವಾಕ್ಯ ಓದಿ ಬಿಡುತ್ತಾರೆ. ನಿಂತ ಗಾಡಿಯಲ್ಲೂ ವಯಸ್ಸಾಗುವ ವಸ್ತುಗಳು ಇವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಅದು ಕುದಿಯುವ ಬಿಸಿ ಕೆಳಗಿಳಿಯುತ್ತದೆ. ಬಾಗಲಕೋಟೆಯ ಚಪ್ಪಟೆ ರಸ್ತೆಯಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಬೆಳಗಾವಿ ದಾಟಿ ಗೋವಾಕ್ಕೆ ಅಂತ ಚೋರ್ಲಾ ಘಾಟ್ ಇಳಿಯುವಾಗ, ತಿರುವಿಗೊಮ್ಮೆ ಬ್ರೇಕ್ ಒತ್ತಿ ಒತ್ತಿ ಕಾದಾಗ, ಪೆಡಲ್ ಮೆತ್ತಗೆ ಒಳಗೆ ಹೋಗಿಬಿಡಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಅದಕ್ಕೇ. ಇದನ್ನು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಬರೆದಿದ್ದರೆ ಮಾತ್ರ ಗೊತ್ತು.

ಟಯರಿನದು ಸುಲಭ, ಅದರ ಜಾತಕ ಅದರ ಮೈಮೇಲೇ ಇದೆ. ಪಕ್ಕದ ಗೋಡೆಯಲ್ಲಿ ಡಿಒಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2321 ಅಂದರೆ 2021ರ 23ನೇ ವಾರದಲ್ಲಿ ತಯಾರಾಗಿದ್ದು. ಈ ನಾಲ್ಕು ಅಂಕಿ ಎಷ್ಟೋ ಸಲ ಒಂದೇ ಮಗ್ಗುಲಲ್ಲಿ ಇರುತ್ತವೆ. ಅದು ಒಳಗಿನ ಮಗ್ಗುಲಾಗಿದ್ದರೆ ನೆಲಕ್ಕೆ ಮಲಗಿ ಟಾರ್ಚ್ ಹಿಡಿದು ಓದಬೇಕು. ನಾವು ಇದನ್ನು ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಮಾಡುತ್ತೇವೆ. ಅವತ್ತು ಹೇಗೂ ಗಾಡಿ ತೊಳೆಯುತ್ತೇವೆ, ಬಟ್ಟೆ ಹೇಗೂ ಒದ್ದೆ. ಗಾಲಿಗೆ ನಿಂಬೆಹಣ್ಣು ಇಡುವ ಮೊದಲು ಐದೂ ಟಯರಿನ ನಂಬರ್ ಓದಿ ವಹಿಯಲ್ಲಿ ಬರೆಯುವುದು. ಐದು ಅಂದರೆ ಸ್ಟೆಪ್ನಿಯೂ ಸೇರಿ. ನೆನಪಾಗದೆ ಉಳಿಯುವುದು ಅದೇ. ಎಷ್ಟೋ ಕಾರುಗಳಲ್ಲಿ ನಾಲ್ಕು ಟಯರ್ ಎರಡು ಸಲ ಬದಲಾಗಿರುತ್ತವೆ, ಸ್ಟೆಪ್ನಿ ಮಾತ್ರ ಶೋರೂಮಿನಿಂದ ಬಂದದ್ದು, ನೋಡಲು ಹೊಚ್ಚ ಹೊಸದು, ಒಳಗೆ ರಬ್ಬರು ಗಟ್ಟಿ.

ನನಗೆ ಈ ವಿಷಯದಲ್ಲಿ ನಿಜವಾಗಿ ಕಣ್ಣು ತೆರೆಸಿದವರು ಓಣಿಯ ಒಬ್ಬ ಕಾಕಾ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ದುಡಿದು ನಿವೃತ್ತಿಯಾದವರು. ಅವರ ಬಾಯಲ್ಲಿ ಎರಡು ಮಾತು ಸದಾ ಇರುತ್ತವೆ, ‘ಲಾಗ್ ಶೀಟ್’ ಮತ್ತು ‘ಕೆಎಂಪಿಎಲ್’, ಅಂದರೆ ಗಾಡಿಯ ದಿನದ ಲೆಕ್ಕದ ಹಾಳೆ ಮತ್ತು ಲೀಟರಿಗೆ ಓಡಿದ ಕಿಲೋಮೀಟರ್. ಬಸ್ಸಿಗೆ ಎಷ್ಟು ಡೀಸೆಲ್ ಹಾಕಿದರು, ಎಷ್ಟು ಕಿಲೋಮೀಟರ್ ಓಡಿತು, ಲೀಟರಿಗೆ ಎಷ್ಟು ಬಂತು ಅನ್ನುವುದನ್ನು ಡಿಪೋದಲ್ಲಿ ಬಹಳ ಗಮನ ಇಟ್ಟು ನೋಡುತ್ತಾರೆ. ಒಂದು ಗಾಡಿಯ ಸರಾಸರಿ ಇದ್ದಕ್ಕಿದ್ದಂತೆ ಇಳಿದರೆ ಒಳಗೆ ಏನೋ ಆಗಿದೆ ಅಂತಲೇ ಲೆಕ್ಕ. ಬ್ರೇಕ್ ಹಿಡಿದುಕೊಂಡಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ಟಯರಿನ ಗಾಳಿ ಕಡಿಮೆ ಇರಬಹುದು. ‘ಗಾಡಿ ಬಾಯಿ ಬಿಟ್ಟು ಹೇಳೂದಿಲ್ಲ ತಮ್ಮಾ, ಡೀಸೆಲ್ಲಿನಾಗ ಹೇಳತೈತಿ’ ಅನ್ನುತ್ತಾರೆ ಕಾಕಾ.

ನಮ್ಮ ಬೈಕ್-ಕಾರಿಗೂ ಇದು ನಡೆಯುತ್ತದೆ. ಟ್ಯಾಂಕ್ ತುಂಬಿಸಿ ಮೀಟರ್ ಬರೆದುಕೊಳ್ಳಿ. ಮತ್ತೆ ತುಂಬಿಸುವಾಗ ಎಷ್ಟು ಲೀಟರ್ ಹಿಡಿಯಿತು, ಮೀಟರ್ ಎಷ್ಟು ಮುಂದೆ ಹೋಯಿತು ನೋಡಿ. ಓಡಿದ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿದರೆ ಮೈಲೇಜ್. ಐನೂರು ರೂಪಾಯಿದು ಹಾಕು ಅಂತ ಹಾಕಿಸಿದರೆ ಈ ಲೆಕ್ಕ ಸಿಗುವುದಿಲ್ಲ. ಎಲ್ಲಾ ಸಲ ಮಾಡಬೇಕೆಂದಿಲ್ಲ, ಆಗಾಗ ಮಾಡಿದರೂ ಸಾಕು.

ಕಾಕಾ ಕಲಿಸಿದ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಡಿಪೋಗೆ ಬಂದ ಡ್ರೈವರ್ ಗಾಡಿಯಲ್ಲಿ ಏನು ತೊಂದರೆ ಕಂಡಿತು ಅಂತ ಬರೆದು ಕೊಡುತ್ತಾರೆ. ರಾತ್ರಿ ಮೆಕ್ಯಾನಿಕ್ ಅದನ್ನು ನೋಡಿ ಕೆಲಸ ಮಾಡುತ್ತಾನೆ. ಇಬ್ಬರೂ ಭೇಟಿಯಾಗಲೇಬೇಕು ಅಂತಿಲ್ಲ. ನಮ್ಮ ಖಾಸಗಿ ಗಾಡಿಗಳ ಲೆಕ್ಕದಲ್ಲಿ ಪೂರ್ತಿ ಕಾಣೆಯಾಗಿರುವುದು ಇದೇ, ತೊಂದರೆಯ ಪುಟ. ಮಾಡಿಸಿದ ಕೆಲಸ ಬರೆಯುವವರೂ ತೊಂದರೆ ಬರೆಯುವುದಿಲ್ಲ. ಗ್ಯಾರೇಜಿಗೆ ಹೋಗಿ ‘ಏನೋ ಸದ್ದು ಬರತೈತ್ರಿ’ ಅನ್ನುತ್ತಾರೆ. ಮಿಸ್ತ್ರಿ ಒಂದು ಸುತ್ತು ಹೊಡೆದು ಬರುತ್ತಾರೆ. ಸದ್ದು ಅವತ್ತು ಬರುವುದೇ ಇಲ್ಲ.

ನಾನು ವಹಿಯ ಹಿಂದಿನ ಪುಟಗಳನ್ನು ಇದಕ್ಕೇ ಬಿಟ್ಟಿದ್ದೇನೆ. ಸದ್ದು ಬಂದಾಗ ಬರೆಯುವುದು ಹೀಗೆ: ‘ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಇಲ್ಲ. ಗಾಡಿ ಕಾದ ಮೇಲೆ. ಬಲಕ್ಕೆ ತಿರುಗಿಸಿದಾಗ ಮಾತ್ರ. ಬ್ರೇಕ್ ಒತ್ತಿದರೆ ನಿಲ್ಲುತ್ತದೆ. ವಿದ್ಯಾಗಿರಿ ರಸ್ತೆಯ ಉಬ್ಬುಗಳ ಮೇಲೆ ಬರಲಿಲ್ಲ.’ ಇಷ್ಟು ಓದಿದರೆ ಮಿಸ್ತ್ರಿಯ ಅರ್ಧ ಕೆಲಸ ಮುಗಿದಂತೆ. ಬಲಕ್ಕೆ ತಿರುಗಿಸಿದಾಗ ಭಾರವೆಲ್ಲ ಎಡಗಡೆಯ ಗಾಲಿಗೆ ಬೀಳುತ್ತದೆ. ಹಾಗಾಗಿ ಅವರ ಕೈ ಮೊದಲು ಎಡಗಡೆಗೇ ಹೋಗುತ್ತದೆ. ಉಬ್ಬಿನ ಮೇಲೆ ಸದ್ದಿಲ್ಲ ಅಂದರೆ ಶಾಕ್ ಅಬ್ಸಾರ್ಬರಿನ ಮೇಲಿನ ಸಂಶಯ ಕಡಿಮೆಯಾಗುತ್ತದೆ. ಏನು ಕೆಟ್ಟಿದೆ ಅಂತ ನಾವು ಬರೆಯಬೇಕಾಗಿಲ್ಲ. ‘ಬೇರಿಂಗ್ ಹೋಗಿದೆ’ ಅಂತ ನಾವೇ ತೀರ್ಪು ಬರೆದರೆ ಮಿಸ್ತ್ರಿಯೂ ಬೇರಿಂಗನ್ನೇ ನೋಡುತ್ತಾರೆ. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ, ಅಷ್ಟು ಬರೆದರೆ ಸಾಕು. ಬರುವುದಿಲ್ಲ ಅನ್ನುವುದಕ್ಕೆ ಜಾಸ್ತಿ ಬೆಲೆ.

ಇನ್ನು ಬರೆಯುವುದು ಎಲ್ಲಿ ಅನ್ನುವ ಪ್ರಶ್ನೆ. ಫೋನಿನಲ್ಲಿ ಇದಕ್ಕೆಂದೇ ಆ್ಯಪ್‌ಗಳು ಬೇಕಾದಷ್ಟಿವೆ. ಒಬ್ಬರೇ ಓಡಿಸುವ ಕಾರಿಗೆ ಅವು ಒಳ್ಳೆಯವೇ. ಮುಂದಿನ ಸರ್ವಿಸ್ ಬಂತು ಅಂತ ಅವೇ ನೆನಪಿಸುತ್ತವೆ, ಮೈಲೇಜಿನ ಗೆರೆ ಎಳೆದು ತೋರಿಸುತ್ತವೆ. ಆದರೆ ಫೋನ್ ಬದಲಾದಾಗ, ಪಾಸ್‌ವರ್ಡ್ ಮರೆತಾಗ, ಆ್ಯಪ್ ಮಾಡಿದವರು ಅಂಗಡಿ ಮುಚ್ಚಿದಾಗ ಬರೆದಿದ್ದೆಲ್ಲ ಹೋಗುತ್ತದೆ. ಆ್ಯಪ್ ಬಳಸುವುದಾದರೆ ಬರೆದದ್ದನ್ನು ಫೈಲ್ ಮಾಡಿ ಹೊರಗೆ ತೆಗೆಯಲು ಬರುತ್ತದೋ ಇಲ್ಲವೋ ಮೊದಲು ನೋಡಿ. ಬರದಿದ್ದರೆ ಅದನ್ನು ಬಿಟ್ಟುಬಿಡಿ. ಎಕ್ಸೆಲ್ ಹಾಳೆ ಇಷ್ಟಪಡುವವರಿಗೆ ಅದೂ ಸರಿ. ಹತ್ತು ಟಂಟಂ ಆಟೋ ಓಡಿಸುವ ಮಾಲೀಕರಿಗೆ ಅದೇ ಬೇಕು. ಎಲ್ಲಾ ಗಾಡಿಗಳ ಮುಂದಿನ ತಾರೀಖನ್ನು ಒಟ್ಟಿಗೆ ನೋಡಲು ಅದರಷ್ಟು ಅನುಕೂಲ ಇನ್ನೊಂದಿಲ್ಲ.

ನನ್ನ ಮಟ್ಟಿಗೆ ಕಾಗದದ ವಹಿಯೇ ಮೇಲು. ಇದು ಹಳೆ ಕಾಲದ ಮೇಲಿನ ಪ್ರೀತಿಯಿಂದ ಹೇಳುತ್ತಿರುವುದಲ್ಲ. ಡ್ರೈವರ್ ಹುಡುಗನ ಕೈ ಆಯಿಲ್ ಆಗಿರುತ್ತದೆ, ಅವನು ಫೋನ್ ಮುಟ್ಟುವುದಿಲ್ಲ. ವಹಿ ಹೊಲಸಾದರೂ ನಡೆಯುತ್ತದೆ. ಮಿಸ್ತ್ರಿಯೂ ನಿಮ್ಮ ಫೋನಿನ ಲಾಕ್ ತೆಗೆಯಲಾರರು, ವಹಿ ತೆಗೆಯಬಲ್ಲರು. ಸಣ್ಣ ಗಟ್ಟಿ ರಟ್ಟಿನ ವಹಿ, ದಾರ ಕಟ್ಟಿದ ಬಾಲ್‌ಪೆನ್ನು, ಪ್ಲಾಸ್ಟಿಕ್ ಚೀಲ. ಟ್ರ್ಯಾಕ್ಟರಿನದು ಟೂಲ್ ಬಾಕ್ಸಿನಲ್ಲಿ, ಕಾರಿನದು ಡ್ಯಾಶ್‌ಬೋರ್ಡಿನಲ್ಲಿ, ಬೈಕಿನದು ಸೀಟಿನ ಕೆಳಗೆ. ಎಡ ಪುಟದಲ್ಲಿ ತಾರೀಖು, ಮೀಟರ್, ಮಾಡಿದ ಕೆಲಸ, ಸಾಮಾನಿನ ಕಂಪನಿ, ಯಾರು ಮಾಡಿದರು. ಬಲ ಪುಟದಲ್ಲಿ ಮುಂದೆ ಯಾವಾಗ, ಎಷ್ಟು ಮೀಟರಿಗೆ. ದುಡ್ಡು ಬರೆಯಲೇಬೇಕೆಂದಿಲ್ಲ, ಅದಕ್ಕೆ ಕಿರ್ದಿ ಇದೆ! ಪುಟ ತುಂಬಿದಾಗ ಒಂದು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರೆ ವಹಿ ಕಳೆದರೂ ಲೆಕ್ಕ ಉಳಿಯುತ್ತದೆ.

ಸಾಮಾನಿನ ಕಂಪನಿ ಬರೆಯುವಾಗ ಆಯಿಲಿನ ಗ್ರೇಡನ್ನೂ ಬರೆಯಿರಿ. ‘ಆಯಿಲ್ ಹಾಕಿಸಿದೆ’ ಅನ್ನುವುದಕ್ಕಿಂತ ‘20 ಡಬ್ಲ್ಯು 40, 900 ಎಂಎಲ್’ ಅನ್ನುವುದು ಉಪಯೋಗಕ್ಕೆ ಬರುತ್ತದೆ. ಮಧ್ಯದಲ್ಲಿ ಕಡಿಮೆಯಾದರೆ ಅದನ್ನೇ ತಂದು ಸೇರಿಸಬಹುದು.

ಬಿಲ್ಲುಗಳ ಬಗ್ಗೆ ಒಂದು ಮಾತು. ಈಗಿನ ಬಿಲ್ಲು ಹೆಚ್ಚಾಗಿ ಥರ್ಮಲ್ ಕಾಗದದ್ದು. ಅದರಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದ ಕಡೆ ಕಾಗದ ಕಪ್ಪಾಗಿ ಅಕ್ಷರ ಮೂಡುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟಿದಾಗ ಮುಚ್ಚಿದ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಅಲ್ಲಿ ಬಿದ್ದಿರುವ ಬಿಲ್ಲು ಒಂದೋ ಮಸಿಯಾಗುತ್ತದೆ, ಇಲ್ಲಾ ಅಕ್ಷರ ಮಾಸಿ ಖಾಲಿ ಕಾಗದವಾಗುತ್ತದೆ. ಬ್ಯಾಟರಿಯ ವಾರಂಟಿ ಕೇಳಲು ಹೋದಾಗ ಖಾಲಿ ಕಾಗದ ತೋರಿಸಿದರೆ ಅಂಗಡಿಯವರು ಏನು ಮಾಡಬೇಕು? ಬಿಲ್ಲು ಕೈಗೆ ಬಂದ ಕೂಡಲೇ, ಕೌಂಟರಿನ ಮುಂದೆಯೇ ಫೋಟೋ ತೆಗೆಯುವುದು ಒಳ್ಳೆಯದು. ಸಣ್ಣ ಗ್ಯಾರೇಜಿನಲ್ಲಿ ಬಿಲ್ಲೇ ಇರುವುದಿಲ್ಲ, ಫಿಲ್ಟರಿನ ಡಬ್ಬಿ ಹರಿದು ಅದರ ಹಿಂದೆ ಲೆಕ್ಕ ಬರೆದು ಕೊಡುತ್ತಾರೆ. ಅದನ್ನು ಬಿಸಾಕಬೇಡಿ. ಆ ರಟ್ಟಿನ ಮುಂದಿನ ಮಗ್ಗುಲಲ್ಲಿ ಫಿಲ್ಟರಿನ ಪಾರ್ಟ್ ನಂಬರ್ ಇರುತ್ತದೆ. ಹಿಂದೆ ಲೆಕ್ಕ, ಮುಂದೆ ನಂಬರ್. ಎಷ್ಟೋ ಪಕ್ಕಾ ಬಿಲ್ಲಿನಲ್ಲೂ ಅಷ್ಟು ಮಾಹಿತಿ ಇರುವುದಿಲ್ಲ. ಜಾಣ ಮಿಸ್ತ್ರಿಗಳು ಹೊಸ ಆಯಿಲ್ ಫಿಲ್ಟರಿನ ಮೈಮೇಲೆ ಮಾರ್ಕರಿನಿಂದ ತಾರೀಖು, ಮೀಟರ್ ಬರೆದು ಹಾಕುತ್ತಾರೆ. ನಿಮ್ಮವರು ಬರೆಯದಿದ್ದರೆ ಒಂದು ಮಾರ್ಕರ್ ಕೊಂಡು ಕೊಡಿ.

ಸರ್ಕಾರಿ ಕಾಗದಗಳ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಈಗ ತಲೆನೋವು ಕಡಿಮೆ. 2018ರ ನವೆಂಬರಿನಲ್ಲಿ ಕೇಂದ್ರದ ಮೋಟಾರು ವಾಹನ ನಿಯಮ ತಿದ್ದುಪಡಿಯಾದ ಮೇಲೆ ಆರ್‌ಸಿ, ಇನ್ಶೂರೆನ್ಸ್ ಮುಂತಾದವನ್ನು ಡಿಜಿಲಾಕರ್ ಅಥವಾ ಎಂಪರಿವಾಹನ ಅನ್ನುವ ಸರ್ಕಾರಿ ಆ್ಯಪಿನಲ್ಲಿ ತೋರಿಸಿದರೂ ನಡೆಯುತ್ತದೆ. ತಾರೀಖು ಮಾತ್ರ ನಾವೇ ನೆನಪಿಡಬೇಕು. ಸ್ವಂತ ಬೈಕು-ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹೊಗೆ ಪರೀಕ್ಷೆಯ ಚೀಟಿ ಬಿಎಸ್ 4 ಮತ್ತು ಬಿಎಸ್ 6 ಅನ್ನುವ ಹೊಗೆ ಮಿತಿಯ ಗಾಡಿಗಳಿಗೆ ಒಂದು ವರ್ಷ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳು. ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಫಿಟ್‌ನೆಸ್, ಆಮೇಲೆ ವರ್ಷಾ ವರ್ಷಾ. ಇನ್ಶೂರೆನ್ಸ್ ಮುಗಿದು 90 ದಿನದೊಳಗೆ ಕಟ್ಟದಿದ್ದರೆ ಕ್ಲೇಮ್ ಮಾಡದೆ ಕೂಡಿಸಿದ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಕೈ ಬಿಟ್ಟು ಹೋಗುತ್ತದೆ. ಅದು 20 ರಿಂದ ಶುರುವಾಗಿ 50 ಪರ್ಸೆಂಟ್‌ವರೆಗೆ ಏರುವಂಥದ್ದು. ಇವೆಲ್ಲ ಮೀಟರಿಗೆ ಸಂಬಂಧ ಇಲ್ಲದ ತಾರೀಖುಗಳು. ಹಾಗಾಗಿ ವಹಿಗಿಂತ ಗೋಡೆಯ ಕ್ಯಾಲೆಂಡರಿಗೆ ಸರಿ. ಅಮಾವಾಸ್ಯೆ-ಹುಣ್ಣಿಮೆ ನೋಡಲು ಮನೆಯವರೆಲ್ಲ ಅದನ್ನು ನೋಡುತ್ತಾರೆ. ಅಲ್ಲಿ ಕೆಂಪು ಪೆನ್ನಿನಲ್ಲಿ ಬರೆದದ್ದು ಯಾರ ಕಣ್ಣಿಗಾದರೂ ಬೀಳುತ್ತದೆ.

ಹಳೆ ಗಾಡಿ ಕೊಳ್ಳುವವರು, ಮಾರುವವರು ಇದನ್ನೆಲ್ಲ ಇನ್ನೊಂದು ಕಡೆಯಿಂದ ನೋಡಬೇಕು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಡಿಸಿದ ಕೆಲಸ ಗಾಡಿಯ ನಂಬರಿನ ಮೇಲೆ ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಮಾಲೀಕರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿದರೆ ಹಿಸ್ಟರಿ ತೆಗೆದುಕೊಡುತ್ತಾರೆ. ಅದರಲ್ಲಿ ನೋಡಬೇಕಾದ್ದು ಮೀಟರಿನ ಸಾಲು. ಪ್ರತಿ ಸಲವೂ ಮೀಟರ್ ಏರುತ್ತಲೇ ಹೋಗಬೇಕು. ಹಿಂದಿನ ಒಂದು ಸರ್ವಿಸಿಗೆ 62,000 ಇದ್ದದ್ದು ಈಗ ಡ್ಯಾಶ್‌ಬೋರ್ಡಿನಲ್ಲಿ 48,000 ತೋರಿಸುತ್ತಿದ್ದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು. ಹೊರಗಿನ ಗ್ಯಾರೇಜಿನ ಕೆಲಸ ಅದರಲ್ಲಿ ಬರುವುದಿಲ್ಲ. ವಾರಂಟಿ ಮುಗಿದ ಮೇಲೆ ನಾವೆಲ್ಲ ಹೋಗುವುದು ಅಲ್ಲಿಗೇ. ಅಂದರೆ ಗಾಡಿಗೆ ವಯಸ್ಸಾಗಿ ನಿಜವಾದ ಕೆಲಸ ಶುರುವಾಗುವ ಹೊತ್ತಿಗೆ ಸರಿಯಾಗಿ ಕಂಪನಿಯ ಲೆಕ್ಕ ನಿಂತುಹೋಗಿರುತ್ತದೆ.

ನಮ್ಮ ಹಳೆ ಬೈಕನ್ನು ಬೀಳಗಿ ಕಡೆಯವರೊಬ್ಬರು ನೋಡಲು ಬಂದಿದ್ದರು. ವಹಿ ಕೈಗೆ ಕೊಟ್ಟೆ. ಅವರು ಇಂಜಿನ್ ಪುಟ ನೋಡಲೇ ಇಲ್ಲ, ನೇರ ಹಿಂದಿನ ತೊಂದರೆಯ ಪುಟಗಳಿಗೆ ಹೋದರು. ‘ಇದೇನ್ರೀ, ಇಷ್ಟೆಲ್ಲಾ ರೋಗ ಐತಿ ಇದಕ್ಕ?’ ಅಂದರು. ಎದುರಿನ ಪುಟದಲ್ಲಿ ಪ್ರತಿ ರೋಗಕ್ಕೂ ಏನು ಮಾಡಿಸಿದೆವು ಅಂತ ತೋರಿಸಬೇಕಾಯಿತು. ನಂಬಿದರೋ ಇಲ್ಲವೋ ಗೊತ್ತಿಲ್ಲ, ರೇಟಿನಲ್ಲಿ ಮಾತ್ರ ಒಂದು ಸಾವಿರ ಇಳಿಸಿದರು. ವಹಿ ತೋರಿಸಿದರೆ ಬೆಲೆ ಏರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಸಂತೆಯಲ್ಲಿ ಹಾಗೇನೂ ಗ್ಯಾರಂಟಿ ಇಲ್ಲ.

ಈಗ ಅಣ್ಣನ ಮಗ ಕರೆಂಟಿನ ಸ್ಕೂಟರ್ ತಂದಿದ್ದಾನೆ. ‘ಕಾಕಾ, ಇದಕ್ಕ ಆಯಿಲೂ ಇಲ್ಲ, ಫಿಲ್ಟರೂ ಇಲ್ಲ. ನಿನ್ನ ವಹ್ಯಾಗ ಏನ ಬರೀತಿ?’ ಅಂತ ಕೇಳಿದ. ಎಲ್ಲಾ ಆ್ಯಪಿನಲ್ಲೇ ಬರುತ್ತದಂತೆ, ಎಷ್ಟು ಓಡಿತು, ಎಷ್ಟು ಚಾರ್ಜ್ ಉಳಿಯಿತು, ಎಲ್ಲಿ ನಿಂತಿದೆ. ಟಯರ್ ಇದೆ, ಬ್ರೇಕ್ ಪ್ಯಾಡ್ ಇದೆ, ಬೇರಿಂಗ್ ಇದೆ ಅಂದೆ. ಬ್ಯಾಟರಿಯ ವಾರಂಟಿ ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರ್ ಅಂತ ಇರುತ್ತದೆ, ಆ ಕಾಗದ ಎಲ್ಲಿದೆ ಅಂತ ಕೇಳಿದೆ. ಹುಡುಕಲು ಒಳಗೆ ಹೋದ. ಫುಲ್ ಚಾರ್ಜಿಗೆ ಹೊಸದಿದ್ದಾಗ ಎಷ್ಟು ದೂರ ಹೋಗುತ್ತಿತ್ತು, ಮುಂದಿನ ಬೇಸಿಗೆಗೆ ಎಷ್ಟು ಹೋಗುತ್ತದೆ ಅಂತ ಅದೇ ಊರಿನ ಅದೇ ರಸ್ತೆಯಲ್ಲಿ ನೋಡಿ ಬರೆದಿಡು ಅಂತ ಹೇಳಿದ್ದೇನೆ. ವಾರಂಟಿ ಕೇಳುವ ದಿನ ಬಂದರೆ ಕಂಪನಿಯ ಆ್ಯಪ್ ಕಂಪನಿಯ ಕಡೆ ಮಾತಾಡುತ್ತದೆ. ನಮ್ಮ ಕಡೆ ಮಾತಾಡಲೂ ಏನಾದರೂ ಬೇಕಲ್ವಾ? ಅವನು ಬರೆಯುತ್ತಾನೋ ಇಲ್ಲವೋ ದೀಪಾವಳಿಗೆ ಊರಿಗೆ ಹೋದಾಗ ನೋಡಬೇಕು.